‘ಹೊಡೀ...’ ಅಂದಿದ್ದು ಅಷ್ಟೇನಾ? ಒಂದು ಹಳೇ ರಾಕ್ ಬ್ಯಾಂಡ್ ಮತ್ತೆ ಸೇರಿದ ಪ್ರಕರಣ

ಈ ಕೇಸಲ್ಲಿ ನಾನು ಪಕ್ಕದಲ್ಲಿ ನಿಂತು ನೋಡಿದೋನಲ್ಲ, ನಾನೂ ಒಂದು ಪಾರ್ಟಿ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಸೌಂಡ್ ಕೆಲಸ ನಂದು. ಯಾರ ಹೆಸರೂ ಹಾಕಲ್ಲ, ಸಿಂಗರ್, ಲೀಡ್ (ಲೀಡ್ ಗಿಟಾರ್ ನುಡಿಸೋನು), ಬೇಸ್ (ಬೇಸ್ ಗಿಟಾರ್ ನುಡಿಸೋನು), ಡ್ರಮ್ಮರ್ ಅಂತಲೇ ಕರೀತೀನಿ. ಕಾಲೇಜು, ಹಾಡು, ಬ್ಯಾಂಡ್ ಹೆಸರು ಯಾವ್ದೂ ಇಲ್ಲ, ಗುರುತು ಸಿಗೋ ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ, ನಾಲ್ಕೂ ಜನರನ್ನ ಕೇಳೇ ಬರೀತಿರೋದು. ಈಗ ಊರಲ್ಲಿ ಹಳೇ ಬ್ಯಾಂಡ್ ಮತ್ತೆ ಸೇರಿಸೋ ಹುಚ್ಚು ಜೋರಾಗಿದೆ, ಮಕ್ಳು ಸೆಟ್ಲ್ ಆಗಿ ಮನೆ ಲೋನ್ ಮುಗಿದ್ಮೇಲೆ ಅಟ್ಟದ ಮೇಲಿದ್ದ ಗಿಟಾರ್ ಕೆಳಗಿಳಿಯುತ್ತೆ, ಆಮೇಲೆ ಏನೇನು ಇಳಿಯುತ್ತೆ ಅನ್ನೋದು ಯಾರಿಗೂ ಗೊತ್ತಿರಲ್ಲ. ಅದಕ್ಕೇ ಈ ಬರಹ.

ಹಿನ್ನೆಲೆ

ನಮ್ಮ ಮಾವಂದು ಮೈಕ್ ಸೆಟ್ ಅಂಗಡಿ ಇತ್ತು. ಗಣೇಶ, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು, ಆರ್ಕೆಸ್ಟ್ರಾ, ಇದೇ ನಮ್ಮ ವರ್ಷದ ಸಂಪಾದನೆ. ಆಗಿನ ಬೆಂಗಳೂರಲ್ಲಿ ರಾಕ್ ಅಂದ್ರೆ ಕಂಟೋನ್ಮೆಂಟ್ ಕಡೆ ವ್ಯವಹಾರ, ಬ್ರಿಗೇಡ್ ರೋಡು, ಕಬ್ಬನ್ ಪಾರ್ಕು, ಕಾಲೇಜು ಫೆಸ್ಟುಗಳು. ನಮ್ಮ ಕಡೆ ಸೆಟ್‌ನೋರು ಅವ್ರಿಗೆ ಸ್ಪೀಕರ್ ಬಾಕ್ಸ್ ಕೊಡ್ತಾನೇ ಇರ್ಲಿಲ್ಲ, ಹಾರ್ನ್ ಡಯಾಫ್ರಮ್, ಅಂದ್ರೆ ಹಾರ್ನ್ ಒಳಗೆ ಅದುರೋ ತೆಳು ಪೊರೆ, ಸುಟ್ಟು ಹಾಕ್ತಾರೆ ಅಂತ. ಮಾವ ಕೊಡ್ತಿದ್ದ, ಆದ್ರೆ ಒಂದು ಡಯಾಫ್ರಮ್ ದುಡ್ಡು ಅಡ್ವಾನ್ಸಾಗಿ ಇಟ್ಕೊಂಡು. ಹಾಗೇ ಈ ನಾಲ್ವರು ನಮಗೆ ಗಂಟು ಬಿದ್ದಿದ್ದು. ಆಗ ಅವ್ರಿಗೆ ಇಪ್ಪತ್ನಾಲ್ಕು ಇಪ್ಪತ್ತೈದು, ನಂಗೆ ಹದಿನಾರು, ವೈರ್ ಸುತ್ತೋದು ನನ್ನ ಕೆಲ್ಸ. ನನ್ನ ‘ಮರಿ’ ಅಂತಿದ್ರು. ಈಗ ನಂಗೆ ಐವತ್ತು ಹತ್ತಿರ ಬಂದು ತಲೆ ಬೆಳ್ಳಗಾದ್ರೂ ಮರೀನೇ.

ಈಗಿನ ಹುಡುಗರಿಗೆ ಗೊತ್ತಾಗ್ಲಿ ಅಂತ ಹೇಳ್ತೀನಿ, 1991ರ ಮುಂಚೆ ಫಾರಿನ್ ಗಿಟಾರ್ ಅನ್ನೋದು ಯಾರದೋ ಚಿಕ್ಕಪ್ಪ ದುಬೈಯಿಂದ ಬಂದಾಗ ಮಾತ್ರ ಕಣ್ಣಿಗೆ ಬೀಳ್ತಿತ್ತು. ಲೀಡ್ ಕೈಲಿದ್ದಿದ್ದು ಕಲ್ಕತ್ತಾದ ಗಿವ್ಸನ್ ಕಂಪನಿ ಗಿಟಾರ್. ಗಿಟಾರ್ ಸೌಂಡನ್ನ ಒರಟು ಮಾಡೋ ಅವನ ಡಿಸ್ಟಾರ್ಷನ್ ಪೆಡಲ್ಲು ಎಸ್‌ಪಿ ರೋಡಲ್ಲಿ ಪಾರ್ಟ್ಸ್ ತಂದು ಒಬ್ಬ ಡಿಪ್ಲೊಮಾ ಹುಡುಗ ಅಲ್ಯೂಮಿನಿಯಂ ಸೋಪ್ ಡಬ್ಬೀಲಿ ಕೂರಿಸಿಕೊಟ್ಟಿದ್ದು, ಪಕ್ಕದಲ್ಲಿ ಆಟೋ ಹೋದ್ರೆ ಅದ್ರೊಳಗೆ ಆಟೋ ಸೌಂಡ್ ಬರ್ತಿತ್ತು. ಬೇಸ್ ತಂತಿ ಡಲ್ ಆದ್ರೆ ಹೊಸದು ತಗೊಳ್ಳೋಕೆ ಕಾಸಿಲ್ಲ, ಅವ್ರಮ್ಮನ ಅನ್ನದ ಪಾತ್ರೇಲಿ ನೀರು ಕುದಿಸಿ ತಂತಿ ಅದಕ್ಕೆ ಹಾಕ್ತಿದ್ದ, ಜಿಡ್ಡು ಬಿಟ್ಟು ಇನ್ನೊಂದೆರಡು ಶೋ ಬರ್ತಿತ್ತು. ಅವ್ರಮ್ಮ ಆ ಪಾತ್ರೆ ಮತ್ತೆ ಒಲೆ ಮೇಲೆ ಇಡ್ತಿರ್ಲಿಲ್ಲ, ಅದು ಬೇರೆ ವಿಷ್ಯ.

ಗಲಾಟೆ ಆಗಿದ್ದು 1992ರ ಫೆಬ್ರವರೀಲಿ, ಒಂದು ಎಂಜಿನಿಯರಿಂಗ್ ಕಾಲೇಜಿನ ಗ್ರೌಂಡಲ್ಲಿ. ಎರಡು ತಿಂಗಳ ಹಿಂದೆ, 1991ರ ಡಿಸೆಂಬರಲ್ಲಿ, ಕಾವೇರಿ ಗಲಾಟೆ ಆಗಿ ಊರಲ್ಲಿ ಕರ್ಫ್ಯೂ ಬಿದ್ದಿತ್ತು. ಹಾಗಾಗಿ ನಾಲ್ಕು ಜನ ಒಂದು ಕಡೆ ಸೇರಿದ್ರೂ ಪೊಲೀಸ್ನೋರಿಗೆ ಗಾಬರಿ, ಸಂಜೆಯಿಂದ ಎರಡು ಸಲ ಬಂದು ಹತ್ತಕ್ಕೆ ಮುಗಿಸ್ಬೇಕು ಅಂತ ಹೇಳಿ ಹೋಗಿದ್ರು. ಏಳಕ್ಕೆ ಶುರು ಆಗ್ಬೇಕಿದ್ದ ಬ್ಯಾಂಡ್ ಸ್ಟೇಜ್ ಹತ್ತಿದ್ದು ಒಂಬತ್ತು ಇಪ್ಪತ್ತಕ್ಕೆ, ಫ್ಯಾಷನ್ ಶೋ ಮುಗೀಲೇ ಇಲ್ಲ. ಹಾಸ್ಟೆಲ್ ಹುಡುಗರು ಒಂದು ಕಡೆ, ಗೇಟ್ ಹಾರಿ ಬಂದ ಹೊರಗಿನವ್ರು ಒಂದು ಕಡೆ, ಮಧ್ಯೆ ಶಾಮಿಯಾನದವ್ರ ಮಡಚೋ ಕಬ್ಬಿಣದ ಕುರ್ಚಿಗಳು. ಐದನೇ ಹಾಡಿಗೆ ಮೊದಲ್ನೇ ಕುರ್ಚಿ ಗಾಳೀಲಿ ಹಾರ್ತು. ಆಮೇಲೆ ಎಷ್ಟು ಹಾರ್ತು ಅಂತ ಲೆಕ್ಕ ಇಲ್ಲ. ಮಾವ ಜನರೇಟರ್ ಪಕ್ಕದಿಂದ ನನ್ನ ಹೆಸರಿಡಿದು ಕೂಗಿದ, ಮೇನ್ ಸ್ವಿಚ್ ಇಳಿಸೋ ಅಂತ. ಇಳಿಸ್ದೆ. ಸೌಂಡು ಲೈಟು ಎರಡೂ ಅದೇ ಲೈನಲ್ಲಿತ್ತು.

ನಿಜವಾದ ಅನಾಹುತ ಆಗಿದ್ದು ಅದಾದ್ಮೇಲೆ. ಕಗ್ಗತ್ತಲಲ್ಲಿ ಸಾವಿರಾರು ಜನ ಯಾವ ಕಡೆ ಅಂತ ಗೊತ್ತಿಲ್ದೆ ಓಡಿದ್ರು, ಒಬ್ಬ ಹುಡುಗನ ಕಾಲರ್ ಬೋನ್ ಮುರೀತು, ನಮ್ಮ ಎರಡು ಬಾಕ್ಸ್ ಹೋಯ್ತು, ಡ್ರಮ್ಮರ್‌ದು ಒಂದು ಟಾಮ್ ಡ್ರಮ್ ಹರೀತು, ಪೊಲೀಸ್ನೋರು ಬಂದು ಸಿಕ್ಕಿದವ್ರಿಗೆ ಬಾರಿಸಿದ್ರು. ಮೂರು ವಾರದಲ್ಲಿ ಬ್ಯಾಂಡ್ ಒಡೆದು ಹೋಯ್ತು.

ಮೇನ್ ಇಳಿಸಿದ್ದು ನಾನು ಅಂತ ಯಾರಿಗೂ ಗೊತ್ತಿರ್ಲಿಲ್ಲ. ಆ ಕಾಲದಲ್ಲಿ ಕರೆಂಟ್ ಹೋದ್ರೆ ಯಾಕೆ ಹೋಯ್ತು ಅಂತ ಯಾರೂ ಕೇಳ್ತಿರ್ಲಿಲ್ಲ, ಡೀಸಲ್ ಖಾಲಿ ಆಗಿರ್ಬೇಕು ಅಂದ್ಕೊಂಡ್ರು, ಮಾವ ಹೂಂ ಅಂದ, ನಾನೂ ಸುಮ್ನಿದ್ದೆ. ಮೂವತ್ತೊಂದು ವರ್ಷ ಸುಮ್ನಿದ್ದೆ.

ಸಮಸ್ಯೆ

2023ರಲ್ಲಿ ಬೇಸ್ ಮೆಲ್ಬೋರ್ನಿಂದ ನಾಲ್ಕೈದು ತಿಂಗಳಿಗೆ ಅಂತ ಬಂದ, ಮಗಳ ಮದುವೆ. ಒಂದು ಶೋ ಮಾಡೋಣ, ಸಣ್ಣದು, ಇನ್ನೂರು ಸೀಟಿನ ಹಾಲು, ನಮ್ಮ ಕಾಲದವ್ರನ್ನ ಮಾತ್ರ ಕರೆಯೋಣ ಅಂತ ಗ್ರೂಪ್ ಮಾಡ್ದ. ಮೊದಲ ಪ್ರಾಕ್ಟೀಸ್ ಇಟ್ಕೊಂಡಿದ್ದು ಸೆಪ್ಟೆಂಬರ್ 29ಕ್ಕೆ. ಅವತ್ತು ಕರ್ನಾಟಕ ಬಂದ್, ಮತ್ತೆ ಕಾವೇರಿದೇ. ಲೀಡ್ ಗ್ರೂಪಲ್ಲಿ ಹಾಕಿದ ಒಂದೇ ಸಾಲು, “ನಮ್ ಬ್ಯಾಂಡಿಗೂ ಆ ನದಿಗೂ ಏನೋ ಋಣ ಇದೆ ಗುರು.” ನಕ್ಕು ಒಂದು ವಾರ ಮುಂದೆ ಹಾಕಿದ್ರು.

ಸೇರಿದ್ಮೇಲೆ ಮೈ ಮೊದಲು ಮಾತಾಡ್ತು. ಡ್ರಮ್ಮರ್‌ಗೆ ಶುಗರ್, ಬಲಗಡೆ ಭುಜ ಹಿಡ್ಕೊಂಡು ಕೈ ಮೇಲೆ ಏಳಲ್ಲ, ಶುಗರ್ ಇರೋವ್ರಿಗೆ ಇದು ಜಾಸ್ತಿ ಅಂತೆ. ಸಿಂಗರ್ ವಾಯ್ಸ್ ಮೇಲೆ ಹೋಗಲ್ಲ. ಲೀಡ್‌ಗೆ ಕಿವೀಲಿ ಇಪ್ಪತ್ನಾಲ್ಕು ಗಂಟೆ ಸೊಂಯ್ ಅನ್ನುತ್ತೆ, ಮೇಲಿನ ಶಾರ್ಪ್ ಸೌಂಡು ಕೇಳಲ್ಲ, ಕೇಳಲ್ಲ ಅಂತ ಆಂಪಲ್ಲಿ (ಗಿಟಾರ್ ಆಂಪ್ಲಿಫಯರ್) ಟ್ರೆಬಲ್ ಏರಿಸ್ತಾನೆ, ಪಕ್ಕದಲ್ಲಿ ನಿಂತವ್ರ ಹಲ್ಲು ಜುಂ ಅನ್ನುತ್ತೆ. ಇದಕ್ಕೆಲ್ಲ ಏನಾದ್ರೂ ದಾರಿ ಸಿಗುತ್ತೆ ಅಂತ ನಂಗೆ ಗೊತ್ತಿತ್ತು. ದಾರಿ ಕಾಣದೆ ಇದ್ದಿದ್ದು ಆ ಐದನೇ ಹಾಡಿಗೆ.

ವಿಷ್ಯ ಏನಪ್ಪಾ ಅಂದ್ರೆ, ಆ ರಾತ್ರಿ ಸಿಂಗರ್ ಮೈಕಲ್ಲಿ “ಹೊಡೀ” ಅಂತ ಕೂಗ್ದ, ಜನ ಹೊಡೆದ್ರು. ಇದು ಲೀಡ್ ಹೇಳೋದು, ಅವ್ನೊಬ್ನೇ ಅಲ್ಲ, ಅಲ್ಲಿದ್ದ ಅರ್ಧ ಜನ ಹೇಳೋದೂ ಅದೇ, ನಾನೂ ಹಾಗೇ ಕೇಳಿಸ್ಕೊಂಡಿದ್ದೆ. ಕಾಲರ್ ಬೋನ್ ಮುರಿದ ಹುಡುಗನ್ನ ಆಸ್ಪತ್ರೆಗೆ ಆಟೋದಲ್ಲಿ ಹಾಕ್ಕೊಂಡು ಹೋದೋನು ಲೀಡು, ತೊಡೆ ಮೇಲೆ ಮಲಗಿಸ್ಕೊಂಡು. ಅದಾದ್ಮೇಲೆ ಅವ್ನು ಸಿಂಗರ್ ಜೊತೆ ಮುಖ ಕೊಟ್ಟು ಮಾತಾಡ್ಲಿಲ್ಲ. ಸಿಂಗರ್ ಹೇಳೋದು, ಗಲಾಟೆ ಶುರು ಆದ ತಕ್ಷಣ ಲೀಡ್ ಗಿಟಾರ್ ಎತ್ಕೊಂಡು ಸ್ಟೇಜ್ ಹಿಂದೆ ಓಡಿಹೋದ, ನನ್ನ ಒಬ್ಬನ್ನೇ ಬಿಟ್ಟ ಅಂತ. ಡ್ರಮ್ಮರ್ ಪ್ರಕಾರ ಕತ್ತಲಲ್ಲೂ ತಾನು ನಿಲ್ಲಿಸ್ಲೇ ಇಲ್ಲ, ಒಂದು ನಿಮಿಷ ಸೋಲೋ ಬಾರಿಸ್ದ. ಬೇಸ್ ಮಾತ್ರ ಇವತ್ತಿಗೂ ಜನರೇಟರ್‌ನೋನಿಗೆ ಶಾಪ ಹಾಕ್ತಾನೆ.

ಇದ್ರಲ್ಲಿ ಇನ್ನೊಂದು ಮಜಾ ಇದೆ. ಸಿಂಗರ್ ಆಮೇಲೆ ಬ್ಯಾಂಕ್ ಸೇರ್ಕೊಂಡ, ಮ್ಯಾನೇಜರ್ ಆದ, ಎಲ್ಲಾ ಪಾರ್ಟೀಲೂ ಆ ರಾತ್ರಿ ಕಥೆ ಹೇಳಿ ಹೇಳಿ, “ಹೊಡೀರೋ ಅಂದೆ ನೋಡು, ಕುರ್ಚಿ ಎಲ್ಲಾ ಆಕಾಶದಲ್ಲಿ” ಅಂತ ಅವ್ನೇ ಹೇಳ್ಕೊಳ್ಳೋಕೆ ಶುರು ಮಾಡಿದ್ದ. ಮಕ್ಳಿಗೂ ಹೇಳಿದ್ದ. ಲೋನ್ ಫೈಲ್ ಮಧ್ಯೆ ಮೂವತ್ತು ವರ್ಷ ಕೂತ ಮನುಷ್ಯನಿಗೆ ತಾನೂ ಒಂದು ಕಾಲದಲ್ಲಿ ರೌಡಿ ಆಗಿದ್ದೆ ಅನ್ನೋದು ಸಣ್ಣ ಆಸ್ತಿ ಅಲ್ಲ. ಈಗ ಶೋನಲ್ಲಿ ಆ ಕಥೆ ಮೈಕಲ್ಲಿ ಹೇಳಿ ಆ ಹಾಡು ಶುರು ಮಾಡ್ಬೇಕು ಅಂತ ಅವ್ನ ಆಸೆ. ಲೀಡ್ ಒಂದೇ ಮಾತಲ್ಲಿ ಹೇಳ್ದ, “ಆ ಕಥೆ ಹೇಳಿದ್ರೆ ನಾನು ಪ್ಲಗ್ ಕಿತ್ಕೊಂಡು ಮನೆಗೆ ಹೋಗ್ತೀನಿ.”

ಏನೇನು ಮಾಡಿದ್ವಿ

ಮೊದಲು ಮಾಡಿದ್ದು ಎಲ್ರೂ ಮಾಡೋದೇ, ಆ ಹಾಡು ಬಿಟ್ಟು ಬಾಕಿದು ಪ್ರಾಕ್ಟೀಸ್ ಮಾಡೋಣ ಅಂದ್ವಿ. ಮೂರು ವಾರ ನಡೀತು. ಬಾಯಿ ಬಿಟ್ಟು ಹೇಳ್ದೇ ಇರೋ ಜಗಳ ವಾಲ್ಯೂಮಲ್ಲಿ ಬರುತ್ತೆ ಅಂತ ಅಲ್ಲಿ ಗೊತ್ತಾಯ್ತು. ಸಿಂಗರ್ ಜಾಸ್ತಿ ಮಾತಾಡಿದ ದಿನ ಲೀಡ್ ಆಂಪ್ ಏರ್ತಿತ್ತು, ಅದು ಏರಿದ್ರೆ ಡ್ರಮ್ಮರ್ ಹೊಡೆತ ಏರ್ತಿತ್ತು, ಭುಜ ನೋವಿಗೆ ಅವ್ನು ಬಯ್ಕೊಳ್ತಿದ್ದ. ನಾನು ಒಂದಿನ ಸೌಂಡ್ ಅಳೆಯೋ ಮೀಟರ್ ತಂದಿಟ್ಟೆ. 104 ಡೆಸಿಬಲ್ಲು, ಹತ್ತಡಿ ಹದಿನಾಲ್ಕಡಿ ರೂಮಲ್ಲಿ. ಲೆಕ್ಕ ಹೇಳ್ದೆ: 85 ಡೆಸಿಬಲ್ಲಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಮೇಲೆ ಪ್ರತಿ 3 ಡೆಸಿಬಲ್‌ಗೂ ಟೈಮ್ ಅರ್ಧ ಆಗ್ತಾ ಹೋಗುತ್ತೆ, 100ಕ್ಕೆ ಬಂದ್ರೆ ಹದಿನೈದೇ ನಿಮಿಷ, ನೀವು ಎರಡು ಗಂಟೆ ಕೂತಿದೀರ. ಲೀಡ್ ನಕ್ಕ. ಆಮೇಲೆ ಎಸಿ/ಡಿಸಿ ರಾಕ್ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿ ಹೋಗುತ್ತೆ ಅಂತ ಡಾಕ್ಟ್ರು ಹೇಳಿ ಟೂರ್ ಮಧ್ಯ ಬಿಟ್ಟಿದ್ದು ನೆನಪು ಮಾಡ್ದೆ, ಆಗ ನಗು ನಿಲ್ತು. ದೊಡ್ಡೋರ ಹೆಸರು ಹೇಳಿದ್ರೆ ಕೆಲ್ಸ ಆಗುತ್ತೆ, ಇಎನ್‌ಟಿ ಡಾಕ್ಟ್ರು ಹೇಳಿದ್ರೆ ಆಗಲ್ಲ, ಏನ್ ಮಾಡೋಕಾಗುತ್ತೆ.

ಟೆಸ್ಟಿಗೆ ಕರ್ಕೊಂಡು ಹೋದೆ. ಆಡಿಯೋಗ್ರಾಮಲ್ಲಿ, ಅಂದ್ರೆ ಕಿವಿ ಟೆಸ್ಟಿನ ಗ್ರಾಫಲ್ಲಿ, ನಾಲ್ಕು ಕಿಲೋಹರ್ಟ್ಜ್ ಹತ್ರ ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗೆ ಬಿದ್ದಿತ್ತು, ಜೋರು ಸೌಂಡಲ್ಲಿ ವರ್ಷಗಟ್ಲೆ ಇದ್ದವ್ರಿಗೆ ಅಲ್ಲೇ ಮೊದಲು ಹೋಗೋದು. ಆ ಕಾಗದ ಮಡಚಿ ಜೇಬಲ್ಲಿಟ್ಕೊಂಡ, ಹೆಂಡ್ತಿಗೆ ತೋರಿಸ್ಬೇಡ ಅಂದ. ಅವತ್ತಿಂದ ಮ್ಯೂಸಿಶಿಯನ್ ಇಯರ್ ಪ್ಲಗ್ಗು, ಎಲ್ಲಾ ಫ್ರೀಕ್ವೆನ್ಸಿನೂ ಒಂದೇ ಸಮ ಇಳಿಸೋ ಥರದ್ದು. ಆಂಪ್ ಮೂಲೆಗೆ ತಿರುಗಿಸಿದ್ವಿ, ಸಿಂಗರ್‌ಗೋಸ್ಕರ ಶ್ರುತಿ ಒಂದು ಸ್ವರ ಇಳಿಸಿದ್ವಿ, ಇ ಇದ್ದಿದ್ದು ಡಿ ಆಯ್ತು, ತಂತಿ ಸಡಿಲ ಆಗಿ ಲೊಟಲೊಟ ಅಂದಾಗ ಒಂದು ಸೈಜ್ ದಪ್ಪ ತಂತಿ ಹಾಕಿದ್ವಿ. ಡ್ರಮ್ಮರ್‌ಗೆ ಸಿಂಬಲ್ ಎಲ್ಲಾ ಒಂದು ಗೇಣು ಕೆಳಗೆ. ಹದಿನಾರು ಹಾಡಿನ ಲಿಸ್ಟು ಒಂಬತ್ತಕ್ಕೆ ಬಂತು. ಈ ಭಾಗ ಇಷ್ಟು ಸುಲಭ, ಯಾಕಂದ್ರೆ ಇದಕ್ಕೆ ಮೀಟರ್ ಇದೆ.

ಆಮೇಲೆ ನಾನು ಮಾಡಿದ ತಪ್ಪು. ಊಟಕ್ಕೆ ಕರೆಸಿ ಎದುರುಬದುರು ಕೂರಿಸಿ ಬಿಚ್ಚಿ ಮಾತಾಡಿಬಿಡ್ಲಿ ಅಂದ್ಕೊಂಡೆ, ಸಿನಿಮಾ ಥರ. ಹತ್ತೂವರೆಗೆ ನಾಲ್ಕೂ ಜನ ನಾಲ್ಕು ರಾತ್ರಿ ಹೇಳಿ ಮುಗಿಸಿದ್ರು. ಒಬ್ಬೊಬ್ಬನೂ ಗಂಗಾಜಲ ಮುಟ್ಟಿ ಹೇಳೋಷ್ಟು ಗ್ಯಾರಂಟಿ. ಬೇಸ್ ಮಗಳು ಸೈಕಾಲಜಿ ಓದಿದೋಳು, ಅವ್ಳು ಹೇಳಿದ್ಲು, 1986ರಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಸಿಡಿದ ಮಾರನೇ ದಿನವೇ ಕಾಲೇಜು ಹುಡುಗರ ಹತ್ರ ನೀವೆಲ್ಲಿದ್ರಿ, ಹೇಗೆ ಗೊತ್ತಾಯ್ತು ಅಂತ ಬರೆಸ್ಕೊಂಡು ಎರಡು ಮೂರು ವರ್ಷ ಬಿಟ್ಟು ಮತ್ತೆ ಕೇಳಿದ್ರಂತೆ, ಎಷ್ಟೋ ಜನ ಬೇರೇನೇ ಹೇಳಿದ್ರು, ಅದೂ ಪೂರ್ತಿ ಧೈರ್ಯವಾಗಿ. ಚೆನ್ನಾಗಿತ್ತು ಕೇಳೋಕೆ. ಆದ್ರೆ ನಾಲ್ಕೂ ಜನ ತಲೆ ಆಡಿಸಿದ್ದು ಉಳಿದ ಮೂವರನ್ನ ನೋಡ್ಕೊಂಡು. ನನಗೂ ಅವತ್ತು ಬಾಯಿ ಬಿಡೋಕೆ ಚಾನ್ಸ್ ಇತ್ತು. ಬಿಡ್ಲಿಲ್ಲ, ಸಾರು ಬಡಿಸ್ತಾ ಇದ್ದೆ.

ಕ್ಯಾಸೆಟ್ಟು

ನವೆಂಬರಲ್ಲಿ ಡ್ರಮ್ಮರ್ ಅಕ್ಕನ ಮನೆ, ಮೈಸೂರಲ್ಲಿ, ಟ್ರಂಕ್ ಖಾಲಿ ಮಾಡೋವಾಗ ಒಂದು ಅರವತ್ತು ನಿಮಿಷದ ಕ್ಯಾಸೆಟ್ ಸಿಕ್ತು. ಲೇಬಲ್ ಮೇಲೆ ಬಾಲ್ ಪೆನ್ನಲ್ಲಿ ಬ್ಯಾಂಡ್ ಹೆಸರು, ಕಾಲೇಜ್ ಹೆಸರು, 92. ಆ ಅಕ್ಕ ಅವತ್ತು ಶೋಗೆ ಬಂದಿದ್ರು, ಮನೆಯ ಟೂ ಇನ್ ಒನ್ (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರೋದು) ತಂದು ಸ್ಟೇಜಿನ ಅಂಚಲ್ಲಿ ಡ್ರಮ್ಮರ್ ಕಾಲ ಹತ್ರ ಇಟ್ಟು ರೆಕಾರ್ಡ್ ಒತ್ತಿದ್ರು. ಸೆಲ್ ಹಾಕಿ ನಡೆಸಿದ್ದು. ಇಡೀ ಕೇಸಲ್ಲಿ ಮುಖ್ಯವಾದ ವಿವರ ಇದೇ. ನಮ್ಮ ಮಿಕ್ಸರಿಂದ ಲೈನ್ ಎಳೆದಿದ್ರೆ ಕರೆಂಟ್ ಹೋದಾಗ ಟೇಪೂ ನಿಂತಿರ್ತಿತ್ತು.

ರೀಲ್ ಮೇಲೆ ಬೂಷ್ಟು, ಒತ್ತೋ ಫೆಲ್ಟ್ ಪ್ಯಾಡ್ ಉದುರಿತ್ತು. ಸ್ಕ್ರೂ ಇರೋ ಇನ್ನೊಂದು ಕ್ಯಾಸೆಟ್ ಬಿಚ್ಚಿ ರೀಲನ್ನ ಅದಕ್ಕೆ ಕೂರಿಸ್ದೆ, ಒಣ ಬಟ್ಟೇಲಿ ಮೆಲ್ಲಗೆ ಒರೆಸ್ದೆ, ಸುಮ್ನೆ ಹಾಕಿ ಕೇಳಿ ನೋಡೋಣ ಅನ್ನೋ ಚಪಲ ತಡ್ಕೊಂಡು ಮೊದಲ್ನೇ ಸಲಕ್ಕೇ ಕಂಪ್ಯೂಟರ್‌ಗೆ ರೆಕಾರ್ಡ್ ಹಾಕ್ದೆ. ಹಳೇ ಟೇಪ್ ಎರಡನೇ ಸಲ ಓಡುತ್ತೆ ಅಂತ ನಂಬೋ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕ್ಕೊಂಡು ಒಬ್ನೇ ಕೇಳ್ದೆ.

ಐದನೇ ಹಾಡು. ಕುರ್ಚಿ ಸದ್ದು ಮೊದಲು ದೂರದಲ್ಲಿ ತಟ್ಟೆ ಬಿದ್ದ ಹಾಗೆ, ಆಮೇಲೆ ಹತ್ರ. ಗಿಟಾರ್ ನಡೀತಿದೆ. ಸಿಂಗರ್ ಹಾಡು ನಿಲ್ಲಿಸಿ ಮೈಕಲ್ಲಿ ಕೂಗ್ತಾನೆ, ಬಾಕ್ಸಿಂದ ಇಡೀ ಗ್ರೌಂಡಿಗೆ ಕೇಳೋ ಹಾಗೆ: “ಲೋ ಹೊಡೀ”, ಅಲ್ಲಿಗೆ ಬಾಕ್ಸ್ ಸತ್ತು ಹೋಗುತ್ತೆ. ಟೇಪ್ ಸಾಯಲ್ಲ. ಅದೇ ಉಸಿರಲ್ಲಿ, ಮೈಕಿಲ್ಲದ ಬರೀ ಗಂಟಲಲ್ಲಿ, ಸಣ್ಣದಾಗಿ ಬರುತ್ತೆ: “ಬೇಡ್ರೋ.”

ಹೊಡೀಬೇಡ್ರೋ. ನಮ್ಮ ಭಾಷೇಲಿ ಬೇಡ ಅನ್ನೋದು ಕೊನೇಲಿ ಬರುತ್ತಲ್ಲ, ಆ ಕೊನೇನೇ ನಾನು ಕಟ್ ಮಾಡಿದ್ದು. ಅದಕ್ಕೆ ಒಂದು ಸೆಕೆಂಡ್ ಮುಂಚೆ ಎಡಗಡೆಯಿಂದ ಮಾವನ ದನಿ, ನನ್ನ ಹೆಸರು, ಇಳಿಸೋ. ಎರಡು ಸಲ.

ಅಷ್ಟು ದಿನ ನಾನು ಲೈಟ್ ಆರಿಸಿದ್ದು ತಪ್ಪು ಅಂತ ಮಾತ್ರ ಅಂದ್ಕೊಂಡಿದ್ದೆ. ಒಬ್ಬನ ಮಾತನ್ನ ಅರ್ಧಕ್ಕೆ ಕತ್ತರಿಸಿ ಅದರ ಅರ್ಥಾನೇ ಉಲ್ಟಾ ಮಾಡಿದೀನಿ ಅಂತ ಗೊತ್ತಿರ್ಲಿಲ್ಲ. ಆಮೇಲೆ ನಾಲ್ಕು ನಿಮಿಷ ಕಿರುಚಾಟ, ಕುರ್ಚಿ, ಯಾರೋ ಹುಡುಗ ನೋವಲ್ಲಿ ಅಮ್ಮಾ ಅಮ್ಮಾ ಅನ್ನೋದು, ಸಿಂಗರ್ ಗಂಟಲು ಹರಿಯೋ ಹಾಗೆ ಕೂತ್ಕೊಳ್ರೋ ಕೂತ್ಕೊಳ್ರೋ ಅಂತ, ಆಮೇಲೆ ಸೈಡ್ ಮುಗಿದು ಟಕ್.

ಇಲ್ಲಿ ಇನ್ನೊಂದು ತಪ್ಪು ಮಾಡ್ದೆ. ಕ್ಯಾಸೆಟ್ ಡ್ರಮ್ಮರ್ ಮನೇದು, ಅವ್ನಿಗೆ ಮೊದಲು ಕೇಳಿಸ್ಬೇಕು ಅಂತ ಬೆಳಗ್ಗೆ ಹೋಗಿ ಕೇಳಿಸ್ದೆ. ಅವ್ನು ಮಧ್ಯಾಹ್ನದೊಳಗೆ ಬೇಸ್‌ಗೆ ಫೋನ್ ಮಾಡ್ದ, ಬೇಸ್ ಸಿಂಗರ್‌ಗೆ. ಲೀಡ್‌ಗೆ ಗೊತ್ತಾಗಿದ್ದು ಎಲ್ರಿಗಿಂತ ಕೊನೇಲಿ, ಅದೂ ಅರ್ಧಂಬರ್ಧ, “ಟೇಪಲ್ಲಿ ನಿಂದೇ ತಪ್ಪು ಅಂತ ಬಂದಿದೆಯಂತೆ” ಅನ್ನೋ ರೂಪದಲ್ಲಿ. ಎರಡು ದಿನ ಫೋನ್ ಎತ್ತಲಿಲ್ಲ. ಇಂಥ ಸಾಕ್ಷಿ ನಿಮ್ಮ ಕೈಗೆ ಸಿಕ್ರೆ ಎಲ್ರಿಗೂ ಒಂದೇ ಟೈಮಲ್ಲಿ, ಒಂದೇ ರೂಮಲ್ಲಿ ಕೇಳಿಸಿ. ಅದು ಯಾರ ಮನೇದು ಅನ್ನೋ ಮರ್ಯಾದೆ ಆಮೇಲೆ ನೋಡ್ಕೊಳ್ಳಿ.

ಮೂರನೇ ದಿನ ಲೀಡ್ ಮನೆಗೆ ಹೋದೆ. ಟೇಪ್ ತಗೊಂಡು ಹೋಗ್ಲಿಲ್ಲ. “ಅಣ್ಣ, ಅವತ್ತು ಮೇನ್ ಇಳಿಸಿದ್ದು ನಾನು, ಮಾವ ಹೇಳಿದ್ದಕ್ಕೆ” ಅಂದೆ. ಅವ್ನು ನನ್ನ ಸುಮಾರು ಹೊತ್ತು ನೋಡಿ, “ನಿಂಗೆ ಎಷ್ಟು ವಯಸ್ಸು ಆಗ?” ಅಂದ. ಹದಿನಾರು ಅಂದೆ. “ಹದಿನಾರು ವರ್ಷದ ಮರಿ ಕೈಲಿ ಮೇನ್ ಕೊಟ್ಟಿದ್ನಾ ನಿಮ್ ಮಾವ,” ಅಂತ ಮಾವನಿಗೆ ಬಯ್ದ. ಕಾಫಿ ಕೊಟ್ಟ. ಭಾನುವಾರ ಬರ್ತೀನಿ ಅಂದ.

ಭಾನುವಾರ ಜಾಮ್ ರೂಮಲ್ಲಿ ಎಲ್ರೂ. ಮೊದಲು ನಾನು ಮಾಡಿದ್ದು ಹೇಳ್ದೆ, ಆಮೇಲೆ ಹಾಕ್ದೆ. ಇಡೀ ಸೈಡ್ ಅಲ್ಲ, ಹಾಡಿನ ಶುರುವಿಂದ ಟಕ್ ತನಕ. ಮುಗಿದ್ಮೇಲೆ ಯಾರೂ ಯಾರನ್ನೂ ತಬ್ಕೊಳ್ಲಿಲ್ಲ. ಲೀಡ್ ಹೇಳಿದ ಮೊದಲ ಮಾತು, “ಸೋಲೋ ಹತ್ರ ಹಿಂದಕ್ಕೆ ಹಾಕು.” ಹಾಕ್ದೆ. “ಜಿ ತಂತಿ ಶ್ರುತಿ ಔಟ್ ಆಗಿದೆ,” ಅಂದ. ಮತ್ತೆ ಕೇಳ್ದ. “ಸೆಲ್ ವೀಕ್ ಇದ್ದಿರ್ಬೇಕು, ಟೇಪ್ ಸ್ಪೀಡ್ ಹೆಚ್ಚುಕಮ್ಮಿ ಆಗಿದೆ.” ಸೆಲ್ ವೀಕ್ ಆದ್ರೆ ಎಲ್ಲಾ ತಂತಿನೂ ಒಟ್ಟಿಗೇ ಏರುತ್ತೆ, ಒಂದೇ ತಂತಿ ಅಲ್ಲ, ಆದ್ರೆ ನಾನು ಬಾಯಿ ಮುಚ್ಕೊಂಡಿದ್ದೆ. ಡ್ರಮ್ಮರ್‌ನ ಒಂದು ನಿಮಿಷದ ಸೋಲೋ ಟೇಪಲ್ಲಿ ಮೂರೇ ಏಟು, ಮೂರನೇದು ಡ್ರಮ್ ಬಿದ್ದ ಸದ್ದೂ ಇರಬಹುದು. ಲೀಡ್ ಓಡಿಹೋದ್ನಾ ಇಲ್ವಾ ಅನ್ನೋದಕ್ಕೆ ಟೇಪಲ್ಲಿ ಉತ್ತರ ಇಲ್ಲ, ಓಡೋ ಕಾಲಿಗೆ ಹೆಸರು ಬರೆದಿರಲ್ಲ.

ಮುಖ ನೋಡ್ಬೇಕಿತ್ತು ಸಿಂಗರ್‌ದು. ನಿರಪರಾಧಿ ಅಂತ ಸಾಬೀತಾಗಿದೆ, ಖುಷಿ ಆಗ್ಬೇಕಲ್ವಾ? “ನಾನು ಪಿಟಿ ಮಾಸ್ಟರ್ ಥರ ಕೂತ್ಕೊಳ್ರೋ ಅಂತಿದೀನಲ್ಲೋ,” ಅಂದ. ಎರಡು ಸಲ ಅಂದ. ಮೂವತ್ತು ವರ್ಷ ಹೇಳ್ಕೊಂಡು ತಿರುಗಿದ ರೌಡಿ ಅಲ್ಲಿ ಇರ್ಲೇ ಇಲ್ಲ. ಒಬ್ಬನ ಕೈಯಿಂದ ಸಿಟ್ಟು ಕಿತ್ಕೊಂಡೆ, ಇನ್ನೊಬ್ಬನ ಕೈಯಿಂದ ಜಂಬ ಕಿತ್ಕೊಂಡೆ, ಇಬ್ರಿಗೂ ಬದಲಿಗೆ ಕೊಡೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಸತ್ಯ ಗೊತ್ತಾದ್ರೆ ಎಲ್ಲಾ ಸರಿಹೋಗುತ್ತೆ ಅಂತ ಹೋದೋನು ನಾನು. ಆ ಭಾನುವಾರ ಯಾರೂ ವಾದ್ಯ ಮುಟ್ಟದೇ ಮನೆಗೆ ಹೋದ್ರು, ರೂಮ್ ಬಾಡಿಗೆ ನಾನೇ ಕೊಟ್ಟೆ.

ತಿರುವು ಬಂದಿದ್ದು ಮುಂದಿನ ವಾರ, ಬಹಳ ಸಣ್ಣ ವಿಷ್ಯದಲ್ಲಿ. ಲೀಡ್ ಪ್ಲಗ್ ಹಾಕ್ಕೊಂಡು ಕೂತಿದ್ದ, ಸಿಂಗರ್ ಏನೋ ಹೇಳಿದ್ದು ಕೇಳಿಸ್ಲಿಲ್ಲ, ಕೈಯಲ್ಲಿ ಏನು ಅಂದ. ಸಿಂಗರ್ ಹತ್ರ ಬಂದು ಅವ್ನ ಕಿವಿಯಿಂದ ಪ್ಲಗ್ ತೆಗೆದು ಜೋರಾಗಿ, “ಬೇಡ್ರೋ” ಅಂದ. ಡ್ರಮ್ಮರ್ ಮೊದಲು ನಕ್ಕಿದ್ದು. ಅವತ್ತಿಂದ ಅದೇ ಕೋಡ್ ವರ್ಡು, ಯಾರಾದ್ರೂ ವಾಲ್ಯೂಮ್ ಏರಿಸಿದ್ರೆ ಮೂವರೂ ಸೇರಿ ಬೇಡ್ರೋ.

ಶೋ

ಹಾಡು ಎಲ್ಲಿಡೋದು ಅಂತ ಚರ್ಚೆ ಆಯ್ತು. ಕೊನೇಲಿ ಇಡೋಣ ಅಂತ ಬೇಸು, ಕ್ಲೈಮ್ಯಾಕ್ಸ್ ಥರ. ನಾನು ಬೇಡ ಅಂದೆ, ಕೊನೇಲಿಟ್ರೆ ಇಡೀ ಸಂಜೆ ಎಲ್ರೂ ಅದನ್ನೇ ಕಾಯ್ತಾ ಹೆದರ್ತಾ ಇರ್ತಾರೆ, ಭುಜ ಗಂಟಲು ಎರಡೂ ಅಷ್ಟೊತ್ತಿಗೆ ಸುಸ್ತಾಗಿರುತ್ತೆ. ಮೂರನೇದಾಗಿ ಇಟ್ವಿ. ಕಥೆ ಹೇಳೋದು ಬೇಡ ಅಂತ ಸಿಂಗರ್ ತಾನಾಗೇ ಬಿಟ್ಟ, ಹೇಳೋಕೆ ಏನು ಉಳಿದಿತ್ತು ಅವ್ನಿಗೆ.

2024ರ ಜನವರಿ, ಆರೂವರೆಗೆ ಶುರು, ಎಂಟು ಕಾಲಿಗೆ ಮುಗೀತು. ಕುರ್ಚಿ ಎಲ್ಲಾ ನೆಲಕ್ಕೆ ಬೋಲ್ಟ್ ಹಾಕಿರೋದು, ನಾನು ಹೋದ ತಕ್ಷಣ ಒಂದೆರಡನ್ನ ಅಲ್ಲಾಡಿಸಿ ನೋಡ್ದೆ, ಅಭ್ಯಾಸ. ಬಂದವ್ರಲ್ಲಿ ಅರ್ಧ ಜನಕ್ಕೆ ಮಂಡಿ ನೋವು. 2003ರಲ್ಲಿ ರೋಲಿಂಗ್ ಸ್ಟೋನ್ಸು, 2007ರಲ್ಲಿ ಐರನ್ ಮೇಡನ್ನು ಅರಮನೆ ಮೈದಾನಕ್ಕೆ ಬಂದಾಗ ಧೂಳಲ್ಲಿ ಕುಣಿದವ್ರೇ ಇವ್ರು, ಈಗ ಇಂಟರ್ವಲ್ಲಲ್ಲಿ ಟೀಗೆ ಸಕ್ಕರೆ ಬೇಡ ಅಂತ ಕ್ಯೂ. ಮಿಕ್ಸರ್ ಹತ್ರ 95 ದಾಟ್ಬಾರ್ದು ಅಂತ ನಾನು ಕೂತಿದ್ದೆ. ಮೂರನೇ ಹಾಡು ಅಂಥಾ ಏನೂ ಚೆನ್ನಾಗಿ ಬರ್ಲಿಲ್ಲ, ಸಿಂಗರ್ ಎರಡನೇ ಚರಣ ಮರ್ತು ಮೊದಲ್ನೇದನ್ನೇ ಎರಡು ಸಲ ಹಾಡ್ದ, ಯಾರಿಗೂ ಗೊತ್ತಾಗ್ಲಿಲ್ಲ. ಏಳನೇದು ಮಾತ್ರ, ಹಳೇ ಸ್ಲೋ ಬ್ಲೂಸ್ ಒಂದು, ಡ್ರಮ್ಮರ್ ಭುಜ ಎತ್ತೋಕಾಗದೆ ಬರೀ ಮಣಿಕಟ್ಟಲ್ಲಿ ಬ್ರಶ್ ಹಾಕಿ ನುಡಿಸ್ದ, ಅವ್ನು ಇಪ್ಪತ್ತೈದರಲ್ಲಿ ಹಾಗೆ ನುಡಿಸಿದ್ದು ನಾನು ಕೇಳಿಲ್ಲ. ಎಂಟನೇದರಲ್ಲಿ ಲೀಡ್ ಒಂದು ಕಿವಿ ಪ್ಲಗ್ ತೆಗೆದು ಜೇಬಿಗೆ ಹಾಕ್ಕೊಂಡಿದ್ದು ಕಂಡಿತು. ಬೇಡ್ರೋ ಅಂತ ಅಲ್ಲಿಂದಲೇ ಬಾಯಾಡಿಸ್ದೆ, ಅವ್ನು ನೋಡಿ ನೋಡದ ಹಾಗೆ ಮಾಡ್ದ. ಎರಡು ದಿನ ಕಿವಿ ಜಾಸ್ತಿ ಕೂಗ್ತಂತೆ. ತೆಗೆದಿದ್ದಕ್ಕೆ ಬೇಜಾರಿಲ್ಲ ಅಂದ.

ಎರಡನೇ ಶೋ ಆಗ್ಲಿಲ್ಲ. ಬೇಸ್ ವಾಪಸ್ ಹೋದ.

ಕೆಲಸದ ವಿಷ್ಯ ಒಂದೆರಡು

ನಮ್ಮ ಕಸುಬಿನವ್ರಿಗೆ ಹೇಳೋದು ಒಂದಿದೆ. ಗಲಾಟೆ ಆದಾಗ ಕೈ ಮೊದಲು ಹೋಗೋದು ಮೇನ್ ಹತ್ರ. ಹೋಗ್ಬಾರ್ದು. ಅದೇ 1992ರ ಆಗಸ್ಟಲ್ಲಿ ಮಾಂಟ್ರಿಯಲಲ್ಲಿ ಮೆಟಾಲಿಕಾ ಬ್ಯಾಂಡಿನ ಜೇಮ್ಸ್ ಹೆಟ್‌ಫೀಲ್ಡ್ ಸ್ಟೇಜ್ ಬೆಂಕೀಲಿ ಸುಟ್ಕೊಂಡು ಶೋ ನಿಂತು, ಆಮೇಲೆ ಬಂದ ಗನ್ಸ್ ಎನ್ ರೋಸಸ್ ಬ್ಯಾಂಡ್‌ನೋರೂ ಮಧ್ಯದಲ್ಲೇ ಇಳಿದು ಹೋಗಿ ಊರೆಲ್ಲಾ ದೊಂಬಿ ಆಯ್ತು. 2011ರ ಅಕ್ಟೋಬರಲ್ಲಿ ಅದೇ ಮೆಟಾಲಿಕಾ ಗುರ್‌ಗಾಂವಲ್ಲಿ ಆಡ್ಬೇಕಿತ್ತು, ಕಾದು ಕಾದು ಕೊನೇಲಿ ಇವತ್ತಿಲ್ಲ ಅಂದಾಗ ಜನ ಸ್ಟೇಜಿಗೇ ನುಗ್ಗಿದ್ರು, ಎರಡು ದಿನ ಬಿಟ್ಟು ಬೆಂಗಳೂರಲ್ಲಿ ಶೋ ನಡೀತು. ದೊಡ್ಡದೋ ಸಣ್ಣದೋ, ಜನಕ್ಕೆ ಸಿಟ್ಟು ಬರೋದು ಹಾಡು ನಿಂತಿದ್ದಕ್ಕಿಂತ ಏನಾಗ್ತಿದೆ ಅಂತ ಯಾರೂ ಹೇಳ್ದೇ ಇದ್ದಿದ್ದಕ್ಕೆ. ಈಗ ನಾನು ಲೈಟಿನ ಲೈನ್ ಬೇರೆ, ಸೌಂಡ್ ಲೈನ್ ಬೇರೆ ಇಡ್ತೀನಿ, ಸ್ಟೇಜ್ ಪಕ್ಕ ಸೆಲ್ ಹಾಕಿರೋ ಮೆಗಾಫೋನ್ ಒಂದು, ಯಾರು ಹಿಡ್ಕೊಂಡು ಏನು ಹೇಳ್ಬೇಕು ಅಂತ ಬೆಳಗ್ಗೇನೇ ತೀರ್ಮಾನ. ಬೇಡ ಅನ್ನೋದನ್ನ ಮೊದಲು ಹೇಳಿ ಅಂತಾನೂ ಹೇಳ್ಕೊಟ್ಟಿದೀನಿ, ‘ನಿಲ್ಲಿ’ ಅನ್ನಿ, ‘ಓಡ್ಬೇಡಿ’ ಅನ್ಬೇಡಿ.

ಟೇಪ್ ಆನ್‌ಲೈನ್ ಹಾಕು ಅಂತ ಗೊತ್ತಿರೋ ಹುಡುಗರು ಗಂಟು ಬಿದ್ದಿದಾರೆ. ಹಾಕಲ್ಲ. ಅಮ್ಮಾ ಅಮ್ಮಾ ಅಂದ ಹುಡುಗನಿಗೂ ಈಗ ಐವತ್ತರ ಮೇಲಾಗಿರುತ್ತೆ, ಅವ್ನನ್ನ ನಾವ್ಯಾರೂ ಕೇಳಿಲ್ಲ. ಕ್ಯಾಸೆಟ್ ಮೈಸೂರಿಗೆ ವಾಪಸ್ ಹೋಯ್ತು.

ಲೀಡ್ ಈ ವರ್ಷ ಕಿವಿಗೆ ಮಿಷಿನ್ ಹಾಕಿಸ್ಕೊಂಡ. ಹಾಕಿಸ್ಕೊಂಡ ಮೊದಲ್ನೇ ಬೆಳಗ್ಗೆ ಏಳಕ್ಕೇ ಫೋನು, “ಮರಿ, ಕುಕ್ಕರ್ ವಿಶಲ್ ಬಂದ್ರೆ ಫೀಡ್‌ಬ್ಯಾಕ್ ಹೊಡೆದ ಹಾಗೆ ಆಗುತ್ತೆ ಕಣೋ.” ಯಾವ ಫ್ರೀಕ್ವೆನ್ಸಿ ಹತ್ರ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದ, ಅಡುಗೆ ಮನೆಗೆ ಹೋಗಿ ನಿಂತ್ಕೊಂಡ ಅನ್ಸುತ್ತೆ, ವಿಶಲ್ ನಂಗೂ ಕೇಳಿಸ್ತು. “ಎರಡೂವರೆ ಕಿಲೋ ಇರ್ಬೇಕು,” ಅಂದ, “ಒಂದು ಮೂರು ಡಿಬಿ ಕಟ್ ಮಾಡು ಅಂತ ಮಿಷಿನ್ ಹಾಕಿದ ಆ ಹುಡುಗೀಗೆ ಹೇಳ್ಲಾ?”